ಹಾಡಿಲ್ಲದ ಸಿನೆಮಾ, ಆರಿಸಿದ ಒಲಿ

ಅಕ್ಕಾರ, ವೈನ್ಯಾರ, ಹಳೇ ಸಸ್ಪೆನ್ಸ್ ಸಿನೆಮಾ ಅಂದ್ರ ನಮಗ ಇನ್ನೂ ಯಾಕ ಅಷ್ಟು ಜೀವ, ಗೊತ್ತದ ಏನು? ದೂರದರ್ಶನದಾಗ ಬ್ಯಾರೆ ಸಿನೆಮಾ ಬಂದ್ರ, ಹಾಡು ಶುರು ಆದ ಕೂಡ್ಲೆ ನಾವು ಅಡಗಿಮನಿಗೆ. ಒಂದು ಹಾಡಿಗೆ ಎರಡು ಭಕ್ರಿ! ಆದ್ರ 1969ರ ‘ಇತ್ತೆಫಾಕ್’ನ್ಯಾಗ ಹಾಡ ಇಲ್ಲ. ಸುನೀಲ್ ಕುಮಾರ್ ದೇಸಾಯಿ ಅವರ 1993ರ ‘ನಿಷ್ಕರ್ಷ’ದಾಗೂ ಇಲ್ಲ. ಬ್ಯಾಂಕಿನ್ಯಾಗ ದರೋಡೆಕೋರರು, ಒಳಗ ಸಿಕ್ಕೊಂಡ ಮಂದಿ, ಕಮಾಂಡೋ ಆಗಿ ವಿಷ್ಣುವರ್ಧನ್. ಯಾವಾಗ ಏಳೂದು? ಎದ್ರ ಕತಿ ಎಳಿ ತಪ್ಪತಿತ್ತು. ಹಂಗಾಗಿ ಒಲಿ ಆರಿಸಿ ಎಲ್ಲಾರ ಜೋಡಿ ಕೂಡ್ತಿದ್ವಿ. ‘ಬ್ಯೋಮಕೇಶ್ ಬಕ್ಷಿ’ ಧಾರಾವಾಹಿ ಬಂದಾಗೂ ಹಂಗ.

ಈಗ ಮೊಬೈಲಿನ್ಯಾಗ ಎಲ್ಲಾ ಸಿಗತಾವ, ಖರೆ. ಆದ್ರ ಹುಡುಗುರು ‘ಅವ್ವಾ, ಪಾಸ್ ಮಾಡೇನಿ, ಚಾ ಮಾಡ್ಕೊಂಡು ಬಾ’ ಅಂತಾವ. ನಿಲ್ಲಿಸೂ ಗುಂಡಿ ಬಂತು, ನಾವು ಕೂಡೂ ನೆವ ಹೋತು.

ನನ್ನ ಕೇಳಿದ್ರ, ವಾರಕ್ಕೊಮ್ಮೆ ಮನ್ಯಾಗ ಇಂಥಾದೊಂದು ಹಳೇ ಸಿನೆಮಾ ಹಚ್ಚಬೇಕು. ಚುರುಮರಿ ಮೊದಲ ಕಲಿಸಿ ಇಡ್ರಿ. ರಿಮೋಟ್ ನಿಮ್ಮ ಉಡಿಯಾಗ ಇರಲಿ. ಚಾ ಬೇಕಾದವರು ಎದ್ದು ಮಾಡ್ಕೊಳ್ಳಲಿ. ಕೊಲಿ ಮಾಡಿದವರು ಯಾರಂತ ಗೊತ್ತಿದ್ದವರು ಮಾತ್ರ ಕಡೀತನಕ ಬಾಯಿ ಬಿಡಬಾರದು!