ಕ್ರೈಸ್ತ ನಾಯಕತ್ವಕ್ಕೆ ಪಾರಿತೋಷಕವೇ?



ಅಗಲಿದ ಮಗನ, ಸೋದರಿಯ, ಗುರುವಿನ ಹೆಸರನ್ನು ಉಳಿಸಬೇಕೆಂಬ ಹಂಬಲ ಮಾನವ ಸಹಜವಾದುದು. ಆ ಹಂಬಲದಿಂದಲೇ ನಮ್ಮ ಪ್ರೌಢಶಾಲೆಗಳಲ್ಲಿ ದತ್ತಿ ಬಹುಮಾನಗಳೂ ಸ್ಮಾರಕ ಪಾರಿತೋಷಕಗಳೂ ಹುಟ್ಟಿಕೊಂಡಿವೆ. ಅಮೆರಿಕದಲ್ಲಿ ಈ ರೂಢಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಮೃತರ ಹೆಸರಿನಲ್ಲಿ, ಪ್ರೌಢಶಾಲೆಯ ಕ್ರೀಡಾಪಟುಗಳಿಗೆ, ‘ಕ್ರೈಸ್ತ ನಾಯಕತ್ವ’ಕ್ಕಾಗಿಯೇ ಪ್ರಶಸ್ತಿ ನೀಡುವುದುಂಟು. ಅಂಥ ಪ್ರಶಸ್ತಿ ನಮ್ಮಲ್ಲಿಯೂ ಬೇಡವೇ ಎಂದು ಕೇಳುವವರಿದ್ದಾರೆ. ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಪ್ರೇಕ್ಷಕರ ಕಣ್ಣಿಗೆ ಕಾಣುವುದನ್ನೇ ಅಳೆದು ಅದನ್ನು ಕೊಡುವುದಾದರೆ, ಅದು ಅಗಲಿದವರಿಗೆ ಅಪಚಾರ, ಪಡೆಯುವ ಮಗುವಿಗೆ ಅಪಾಯ.

ಇಂಥ ಪ್ರಶಸ್ತಿಗಳಿಗೆ ಸಾಮಾನ್ಯವಾಗಿ ಏನನ್ನು ಕೇಳುತ್ತಾರೆ, ನೋಡಿ. ಅರ್ಜಿ, ಅಂಕಪಟ್ಟಿ, ಗೆದ್ದ ಪದಕಗಳ ವಿವರ, ಶಿಫಾರಸು ಪತ್ರ, ಜೊತೆಗೆ ತನ್ನ ನಾಯಕತ್ವದ ಬಗ್ಗೆ ವಿದ್ಯಾರ್ಥಿಯೇ ಬರೆದ ಪ್ರಬಂಧ. ಹದಿನಾರರ ಬಾಲಕನೊಬ್ಬ ತನ್ನ ವಿನಯವನ್ನು ತಾನೇ ಒಂದು ಪುಟದಲ್ಲಿ ವರ್ಣಿಸಿ, ಅದಕ್ಕೆ ಹಿರಿಯರ ಸಹಿ ಹಾಕಿಸಿ ಕಳುಹಿಸಬೇಕು! ಸತ್ಕಾರ್ಯವನ್ನು ಜನರು ನೋಡಲೆಂದು ಮಾಡಬೇಡಿ ಎಂದ ಪ್ರಭುವಿನ ಬೋಧನೆಯಿಂದ (ಮತ್ತಾಯ 6:1-4) ಇದಕ್ಕಿಂತ ದೂರ ಹೋಗುವುದು ಸಾಧ್ಯವೇ? ಸದ್ಗುಣವೂ ಅಂಕ ಗಳಿಸುವ ಇನ್ನೊಂದು ವಿಷಯವೆಂದು ನಾವು ಆ ಬಾಲಕನಿಗೆ ಕಲಿಸಿದಂತಾಯಿತು.

ಕ್ರೀಡಾಂಗಣದಲ್ಲಿ ಕ್ರೈಸ್ತ ನಾಯಕತ್ವವೆಂದರೆ ಏನು? ಇದನ್ನು ಅರಿಯಲು ಎರಿಕ್ ಲಿಡೆಲ್‌ರ ಬದುಕನ್ನು ನೋಡಬೇಕು. ಸ್ಕಾಟ್ಲೆಂಡಿನ ಪ್ರೊಟೆಸ್ಟಂಟ್ ಮಿಷನರಿ ದಂಪತಿಗಳ ಮಗನಾಗಿ 1902ರಲ್ಲಿ ಚೀನಾದಲ್ಲಿ ಹುಟ್ಟಿದವರು ಅವರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಅರ್ಹತಾ ಸುತ್ತು ಭಾನುವಾರಕ್ಕೆ ಬಿದ್ದುದರಿಂದ, ಪ್ರಭುವಿನ ದಿನದಂದು ಓಡಲಾರೆ ಎಂದು ಆ ಸ್ಪರ್ಧೆಯನ್ನೇ ಬಿಟ್ಟರು. ಬಳಿಕ 400 ಮೀಟರ್ ಓಟವನ್ನು 47.6 ಸೆಕೆಂಡುಗಳಲ್ಲಿ ಓಡಿ ಚಿನ್ನ ಗೆದ್ದರು. ಅವರನ್ನು ಕುರಿತು 1981ರಲ್ಲಿ ಬಂದ ‘ಚಾರಿಯಟ್ಸ್ ಆಫ್ ಫೈರ್’ ಚಲನಚಿತ್ರದ ಕಥೆ ಈ ಗೆಲುವಿನೊಂದಿಗೇ ಮುಗಿಯುತ್ತದೆ. ನಮ್ಮ ಪ್ರಶಸ್ತಿ ಸಮಿತಿಗಳ ದೃಷ್ಟಿಯೂ ಅಲ್ಲಿಗೇ ಮುಗಿಯುತ್ತದೆ.

ಆದರೆ ಲಿಡೆಲ್‌ರ ಕಥೆ ಅಲ್ಲಿಗೆ ಮುಗಿಯಲಿಲ್ಲ. 1925ರಲ್ಲಿ ಅವರು ಮಿಷನರಿಯಾಗಿ ಚೀನಾಕ್ಕೆ ಮರಳಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಜಪಾನೀ ಸೇನೆಯು ಅವರನ್ನು ವೀಹ್ಸಿಯೆನ್ ಎಂಬಲ್ಲಿನ ಬಂಧನ ಶಿಬಿರಕ್ಕೆ ಸೇರಿಸಿತು. ತಂದೆತಾಯಿಯರಿಂದ ಅಗಲಿದ ಶಾಲಾಮಕ್ಕಳು ಅಲ್ಲಿ ಅನೇಕರಿದ್ದರು. ಲಿಡೆಲ್ ಅವರಿಗೆ ವಿಜ್ಞಾನ ಕಲಿಸಿದರು, ಆಟಗಳನ್ನು ಏರ್ಪಡಿಸಿದರು, ಮುರಿದ ಹಾಕಿ ಕೋಲುಗಳಿಗೆ ಬಟ್ಟೆ ಸುತ್ತಿ ದುರಸ್ತಿ ಮಾಡಿಕೊಟ್ಟರು. ಭಾನುವಾರ ಮಾತ್ರ ಆಟ ಬೇಡವೆಂಬುದು ಅಲ್ಲಿಯೂ ಅವರ ನಿಲುವಾಗಿತ್ತು. ಆದರೆ ಮಕ್ಕಳು ತಮ್ಮಷ್ಟಕ್ಕೆ ಆಡಹೋಗಿ ಜಗಳವಾಡಿಕೊಂಡಾಗ, ಮುಂದಿನ ಭಾನುವಾರ ತಾವೇ ತೀರ್ಪುಗಾರರಾಗಿ ಮೈದಾನಕ್ಕಿಳಿದರೆಂದು ಅಲ್ಲಿದ್ದವರು ನೆನಪಿಸಿಕೊಂಡಿದ್ದಾರೆ. ಒಲಿಂಪಿಕ್ಸ್ ಪದಕಕ್ಕಾಗಿ ಬಿಡದ ನಿಯಮವನ್ನು ಆ ಮನುಷ್ಯ ಕಚ್ಚಾಡುತ್ತಿದ್ದ ಮಕ್ಕಳಿಗಾಗಿ ಬಿಟ್ಟರು! ಸಬ್ಬತ್ ದಿನ ಇರುವುದು ಮನುಷ್ಯನಿಗಾಗಿ ಎಂಬುದನ್ನು (ಮಾರ್ಕ 2:27) ಇದಕ್ಕಿಂತ ಚೆನ್ನಾಗಿ ಅರಿತವರು ಯಾರು?

ಅದೇ ಶಿಬಿರದಲ್ಲಿ ಸ್ಟೀಫನ್ ಮೆಟ್‌ಕಾಫ್ ಎಂಬ ಹದಿನೇಳರ ತರುಣನಿದ್ದ. ಚಳಿಗಾಲದಲ್ಲಿ ಅವನ ಪಾದರಕ್ಷೆಗಳು ಸವೆದುಹೋಗಿದ್ದವು. ಲಿಡೆಲ್ ತಮ್ಮ ಹಳೆಯ ಓಟದ ಬೂಟುಗಳನ್ನು ಅವನಿಗೆ ಕೊಟ್ಟರು. ಕೆಲವೇ ವಾರಗಳಲ್ಲಿ, 1945ರ ಫೆಬ್ರವರಿ 21ರಂದು, ಮೆದುಳಿನ ಗೆಡ್ಡೆಯಿಂದ ತೀರಿಕೊಂಡರು. ಶತ್ರುಗಳಿಗಾಗಿ ಪ್ರಾರ್ಥಿಸಬೇಕೆಂದು ಅವರಿಂದ ಕಲಿತ ಆ ತರುಣ ಯುದ್ಧಾನಂತರ ಮಿಷನರಿಯಾಗಿ ಹೋದುದು ಜಪಾನಿಗೇ. ಅಲ್ಲಿ ದಶಕಗಳ ಕಾಲ ದುಡಿದರು. ಹೇಳಿ, ಆ ಸವೆದ ಬೂಟುಗಳಿಗಿಂತ ದೊಡ್ಡ ಸ್ಮಾರಕ ಪ್ರಶಸ್ತಿಯನ್ನು ಯಾವ ಶಾಲೆ ಕೊಟ್ಟಿದೆ? ಅದಕ್ಕೆ ಅರ್ಜಿ ಹಾಕಿದವರಿಲ್ಲ, ಚಪ್ಪಾಳೆ ತಟ್ಟಿದವರಿಲ್ಲ.

ನಮ್ಮ ಧರ್ಮಸಭೆಯ ಉದಾಹರಣೆಯೊಂದನ್ನೂ ನೋಡೋಣ. ಜಗದ್ಗುರು ಹದಿನಾಲ್ಕನೇ ಲಿಯೋ ಅವರು 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿಸಿದ ಪಿಯೆರ್ ಜೋರ್ಜೊ ಫ್ರಸ್ಸಾತಿ ಪರ್ವತಾರೋಹಿ, ಕ್ರೀಡಾಪ್ರಿಯ. 1925ರಲ್ಲಿ, ಕೇವಲ 24ನೇ ವಯಸ್ಸಿನಲ್ಲಿ, ಪೋಲಿಯೋದಿಂದ ತೀರಿಕೊಂಡರು. ಅವರ ಅಂತ್ಯಕ್ರಿಯೆಗೆ ಟ್ಯೂರಿನ್ ನಗರದ ಬಡವರು ಕಿಕ್ಕಿರಿದು ಬಂದರು. ಮಗ ಅವರ ಮನೆಗಳಿಗೆ ಎಷ್ಟು ಸಲ ಹೋಗಿದ್ದ, ಏನೇನು ಕೊಟ್ಟಿದ್ದ ಎಂಬುದು ಸಿರಿವಂತ ತಂದೆತಾಯಿಯರಿಗೆ ತಿಳಿದದ್ದು ಆಗಲೇ. ಮನೆಯವರಿಗೇ ಕಾಣದ ಪುಣ್ಯ ಪ್ರಶಸ್ತಿ ಸಮಿತಿಗೆ ಕಂಡೀತೇ?

ಭಕ್ತಿಯ ಪ್ರದರ್ಶನವನ್ನೇ ನಾಯಕತ್ವವೆಂದು ಎಣಿಸುವುದು ಇನ್ನೊಂದು ಅಪಾಯ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಪಟ್ಟಣದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ, ಫುಟ್‌ಬಾಲ್ ತರಬೇತುದಾರರೊಬ್ಬರು ಪಂದ್ಯ ಮುಗಿದೊಡನೆ ಮೈದಾನದ ನಡುವೆ ಮಂಡಿಯೂರಿ ಪ್ರಾರ್ಥಿಸುತ್ತಿದ್ದರು. ಈ ವಿವಾದದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 2022ರ ಜೂನ್ 27ರಂದು ಅವರ ಪರವಾಗಿ ತೀರ್ಪಿತ್ತಿತು. ಅವರ ಹಕ್ಕಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಜೊತೆಗೂಡಿ ಪ್ರಾರ್ಥಿಸದಿದ್ದರೆ ತನಗೆ ಆಡುವ ಅವಕಾಶ ಕಡಿಮೆಯಾದೀತೆಂದು ಒಬ್ಬ ವಿದ್ಯಾರ್ಥಿ ಅಂಜಿದ್ದನೆಂಬ ದೂರು ಆ ಪ್ರಕರಣದಲ್ಲಿತ್ತು. ನ್ಯಾಯಾಲಯ ಏನೇ ಹೇಳಲಿ, ಶುಭಸಂದೇಶದ ದೃಷ್ಟಿಯಲ್ಲಿ ಮುಖ್ಯನಾದವನು ಆ ಅಂಜಿದ ಬಾಲಕನೇ. ನಮ್ಮ ಕಥೋಲಿಕ ಶಾಲೆಗಳಲ್ಲಿ ಕಲಿಯುವವರಲ್ಲಿ ಹೆಚ್ಚಿನವರು ಅನ್ಯಧರ್ಮೀಯರ ಮಕ್ಕಳು. ಪ್ರಶಸ್ತಿಯ ಆಸೆಗಾಗಿ ಅವರಲ್ಲೊಬ್ಬ ಶಿಲುಬೆಯ ಗುರುತು ಹಾಕಿಕೊಂಡರೆ ಅದು ವಿಶ್ವಾಸವೂ ಅಲ್ಲ, ನಾಯಕತ್ವವೂ ಅಲ್ಲ.

“ಹಾಗಾದರೆ ಸದ್ಗುಣವನ್ನು ಗೌರವಿಸುವುದೇ ಬೇಡವೇ? ಗೋಲು ಹೊಡೆದವನಿಗೆ ಮಾತ್ರ ಬಹುಮಾನವೇ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಂತ ಪೌಲರೂ ಓಟಗಾರರ ಬಾಡುವ ಹಾರವನ್ನು ಉದಾಹರಿಸಿಯೇ ಬಾಡದ ಹಾರದ ಬಗ್ಗೆ ಬೋಧಿಸಿದರು (1 ಕೊರಿಂಥ 9:24-27). ಗೌರವಿಸೋಣ, ಆದರೆ ಪ್ರಭುವಿನ ಅಳತೆಗೋಲನ್ನು ಹಿಡಿದು ಗೌರವಿಸೋಣ. ಜೆಬೆದಾಯನ ಮಕ್ಕಳು ಎಡಬಲದ ಆಸನಗಳಿಗೆ ಅರ್ಜಿ ಹಾಕಿದಾಗ ಯೇಸುಸ್ವಾಮಿ ಕೊಟ್ಟ ಅಳತೆಗೋಲು ಸೇವಕನದು (ಮಾರ್ಕ 10:35-45).

ಆದುದರಿಂದ, ದತ್ತಿ ಇಡಲು ಬಯಸುವ ಕುಟುಂಬಗಳಿಗೂ ಶಾಲೆಗಳ ಹಿರಿಯರಿಗೂ ನನ್ನ ವಿನಂತಿ ಇದು. ಅರ್ಜಿಯನ್ನೂ ಪ್ರಬಂಧವನ್ನೂ ಕೈಬಿಡಿ. ದೀಕ್ಷಾಸ್ನಾನದ ಪ್ರಮಾಣಪತ್ರವನ್ನು ಕೇಳಬೇಡಿ. ಪ್ರಭು ಆದರ್ಶವಾಗಿ ತೋರಿಸಿದ ನೆರೆಯವನು ಸಮಾರಿಯದವನು. ಕ್ರಿಸ್ತನಂತೆ ನಡೆದ ಮಗು ಯಾವ ಮನೆಯದಾದರೂ ಆಗಲಿ. ಆಯ್ಕೆಗೆ ಕೂರುವ ಮುನ್ನ ಗಣ್ಯರನ್ನಲ್ಲ, ವರ್ಷವಿಡೀ ಹೊರಗೆ ಕುಳಿತ ಬದಲಿ ಆಟಗಾರನನ್ನು ಕೇಳಿ. ಸೋತ ಎದುರಾಳಿ ತಂಡವನ್ನು ಕೇಳಿ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಕೆಲಸಗಾರನನ್ನು ಕೇಳಿ. ಖೋಖೋದಲ್ಲಿ ಎಡವಿದವಳನ್ನು ಬೈಯದೆ ಎಬ್ಬಿಸಿದವಳು ಯಾರು, ರೆಫರಿಗೆ ಕಾಣದ ತನ್ನ ತಪ್ಪನ್ನು ತಾನೇ ಒಪ್ಪಿಕೊಂಡು ಅಂಕ ಕಳೆದುಕೊಂಡವನು ಯಾರು ಎಂಬುದು ಅವರಿಗೆ ಗೊತ್ತು. ದತ್ತಿಯ ಹಣವನ್ನು ಫಲಕಕ್ಕೆ ಸುರಿಯದೆ, ಬೂಟಿಲ್ಲದೆ ಓಡುವ ಮಕ್ಕಳಿಗೆ ಬೂಟು ಕೊಡಿಸಿ. ಹಂಚುವ ಹೊಣೆಯನ್ನು ಆಯ್ಕೆಯಾದ ವಿದ್ಯಾರ್ಥಿಗೇ ವಹಿಸಿ. ಆಗ ಪ್ರಶಸ್ತಿಯೆಂಬುದು ಅಲಂಕಾರವಾಗದೆ ಸೇವೆಯಾಗುತ್ತದೆ.

ಸ್ಮರಣೆ ಎಂಬ ಪದದ ಅರ್ಥವನ್ನು ನಮಗೆ ಕಲಿಸುವುದು ಬಲಿಪೂಜೆ. ಕಡೆಯ ಭೋಜನದ ರಾತ್ರಿ ಪ್ರಭು ತಮ್ಮ ಸ್ಮರಣೆಗಾಗಿ ಕಂಬವನ್ನಾಗಲಿ ಶಿಲೆಯನ್ನಾಗಲಿ ನೆಡಿಸಲಿಲ್ಲ. ರೊಟ್ಟಿ ಮುರಿದರು, ಕಾಲು ತೊಳೆದರು, ಹಾಗೆಯೇ ಮಾಡಿರೆಂದರು. ಅಗಲಿದವರು ಬದುಕಿದ್ದಾಗ ಮಾಡಿದ ಒಳಿತನ್ನು ಮುಂದುವರಿಸುವುದೇ ಅವರ ನಿಜವಾದ ಸ್ಮಾರಕ. ನೀವು ಕಳೆದುಕೊಂಡವರ ಹೆಸರು ಗಾಜಿನ ಕಪಾಟಿನಲ್ಲಿ ಧೂಳು ತಿನ್ನುತ್ತಾ ಕೂರಬೇಕೋ, ಬಡ ಮಗುವೊಂದರ ಕಾಲಲ್ಲಿ ಓಡುತ್ತಾ ಇರಬೇಕೋ? ಆಯ್ಕೆ ನಿಮ್ಮದು.