ಹೌಸ್‌ಬೋಟ್ ಅಲ್ಲ, ಟೈಮ್‌ಟೇಬಲ್ ಇರೋ ಬೋಟ್ ಬೇಕು

ದಸರಾ ರಜೆಗೆ ಆಲಪ್ಪುಳಕ್ಕೆ ಹೋಗಿದ್ವಿ ಅಂದ ಕೂಡಲೇ ಹಾಸ್ಟೆಲಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಹೌಸ್‌ಬೋಟ್ ಹೆಂಗಿತ್ತು?" ನಾವು ಹತ್ತಲೇ ಇಲ್ಲ. ಆರೂ ಜನರ ಜೇಬು ಕೊಡವಿದರೂ ಬಾಡಿಗೆ ಹುಟ್ಟಲಿಲ್ಲ, ಅದಕ್ಕೇ. ಹಾಗಾಗಿ ಬೆಳಗ್ಗೆ ಜೆಟ್ಟಿಗೆ ಹೋಗಿ ಕೇರಳ ರಾಜ್ಯ ಜಲಸಾರಿಗೆ ಇಲಾಖೆಯ ಕೊಟ್ಟಾಯಂ ಬೋಟ್ ಹತ್ತಿದೆವು. ಸುಮಾರು ಎರಡೂವರೆ ಗಂಟೆ ಪ್ರಯಾಣ. ಟಿಕೆಟ್ಟು ನಮ್ಮೂರಿನ ಒಂದು ಮಸಾಲೆದೋಸೆಗಿಂತ ಅಗ್ಗ. ಸಂಜೆ ಹೊತ್ತಿಗೆ, ದುಡ್ಡಿಲ್ಲದ್ದೇ ಒಳ್ಳೇದಾಯ್ತು ಅನ್ನಿಸಿತ್ತು.

ಆ ಬೋಟಿನಲ್ಲಿ ಪ್ರವಾಸಿಗರು ಅಂತ ಇದ್ದದ್ದು ನಾವೇ. ಉಳಿದವರೆಲ್ಲ ಕೆಲಸಕ್ಕೆ ಹೊರಟವರು, ಸಂತೆ ಚೀಲದವರು. ನಮ್ಮ ಸಿಟಿ ಬಸ್ಸೇ ನೀರಿಗಿಳಿದ ಹಾಗೆ. ಮುಂದೆ ಚುಕ್ಕಾಣಿ ಹಿಡಿದವರನ್ನು ಅಲ್ಲಿ 'ಸ್ರಾಂಕ್' ಅಂತಾರೆ. ಎಂಜಿನ್ ನೋಡಿಕೊಳ್ಳುವ ಡ್ರೈವರ್ ಬೇರೆ, ಅವರು ಕೂರೋದು ಎಂಜಿನ್ ಪಕ್ಕ. ದಾರಿ ಅವರಿಗೆ ಕಾಣೋದಿಲ್ಲ. ಸ್ರಾಂಕ್ ಹಗ್ಗ ಜಗ್ಗಿ ಗಂಟೆ ಬಾರಿಸ್ತಾರೆ, ಆ ಸದ್ದಿನ ಲೆಕ್ಕಕ್ಕೆ ಡ್ರೈವರ್ ವೇಗ ಇಳಿಸ್ತಾರೆ, ನಿಲ್ಲಿಸ್ತಾರೆ, ಹಿಂದಕ್ಕೆ ಬಿಡ್ತಾರೆ. ನಾವು ಸೆಮಿಸ್ಟರ್‌ಗಟ್ಟಲೆ ಓದುವ ಕಮ್ಯುನಿಕೇಷನ್ ಪ್ರೋಟೋಕಾಲ್ ಅಲ್ಲಿ ಒಂದು ಹಗ್ಗ, ಒಂದು ಗಂಟೆಯಲ್ಲಿ ಮುಗಿದಿತ್ತು.

ದಾರಿಯುದ್ದಕ್ಕೂ ಕುಟ್ಟನಾಡು. ಇಲ್ಲಿಯ ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ. ಬೋಟಿನಲ್ಲಿ ಕೂತರೆ ನಾವು ಮೇಲೆ, ಒಡ್ಡಿನಾಚೆ ಬದುಕು ಕೆಳಗೆ. ಮಳೆಗಾಲ ಮುಗಿದ ಈ ಹೊತ್ತಿನಲ್ಲಿ ಗದ್ದೆಯಲ್ಲಿ ನಿಂತ ನೀರನ್ನು ಕಾಲುವೆಗೆ ಎತ್ತಿ ಹಾಕಿದ ಮೇಲೇ ಬಿತ್ತನೆ. ಅದಕ್ಕೆ 'ಪೆಟ್ಟಿಯುಂ ಪರಯುಂ' ಅನ್ನೋ ಪಂಪು: ನೆಟ್ಟಗೆ ನಿಂತ ಪೀಪಾಯಿಯೊಳಗೆ ರೆಕ್ಕೆ ತಿರುಗುತ್ತೆ, ಪಕ್ಕದ ಮರದ ಪೆಟ್ಟಿಗೆಯಿಂದ ನೀರು ಹೊರಬೀಳುತ್ತೆ. ಕೊಟ್ಟಾಯಂ ಹತ್ತಿರ ಬಂದಂತೆ ಕಾಲುವೆ ಕಿರಿದಾಗಿ, ಅಡ್ಡಲಾಗಿ ಕಾಲುಸೇತುವೆಗಳು. ಬೋಟ್ ಬಂತು ಅಂದರೆ ದಡದಲ್ಲಿದ್ದವರು ಹಗ್ಗ ಎಳೆದು ಸೇತುವೆಯನ್ನೇ ಮೇಲೆತ್ತುತ್ತಾರೆ, ದಾಟಿದ ಮೇಲೆ ಇಳಿಸುತ್ತಾರೆ. ನಡೆಯುವವರಿಗೂ ದಾರಿ, ತೇಲುವವರಿಗೂ ದಾರಿ.

ಕೊಟ್ಟಾಯಂನಿಂದ ಬಸ್ಸಿನಲ್ಲಿ ವೈಕಂ. ಅಲ್ಲಿಂದ ವೆಂಬನಾಡ್ ಸರೋವರದ ಆಚೆ ದಡ ತವಣಕ್ಕಡವಿಗೆ 'ಆದಿತ್ಯ' ಓಡಾಡುತ್ತೆ. 2017ರ ಜನವರಿಯಲ್ಲಿ ಶುರುವಾದ, ದೇಶದ ಮೊದಲ ಸೌರ ಫೆರ್ರಿ. 75 ಜನ ಕೂರಬಹುದು, ಚಾವಣಿಯ ಮೇಲೆ 20 ಕಿಲೋವ್ಯಾಟ್ ಫಲಕಗಳು, ಜೋಡಿ ಹೊಟ್ಟೆಯ ಹಗುರ ಫೈಬರ್ ಒಡಲು. ಕಟ್ಟಿದ್ದು ಕೊಚ್ಚಿಯಲ್ಲೇ. ನಾವು ಹತ್ತುವಾಗ ಗುಡುಗು, ಆಕಾಶವೆಲ್ಲ ಕಪ್ಪು. "ಮೋಡ ಬಂದ್ರೆ ಕರೆಂಟ್ ಎಲ್ಲಿಂದ?" ಅಂತ ನಮ್ಮಲ್ಲೊಬ್ಬ ಹರಕುಮುರುಕು ಮಲಯಾಳದಲ್ಲಿ ಕೇಳಿಯೇಬಿಟ್ಟ. ಸಿಬ್ಬಂದಿ ನಗುತ್ತಾ ಹೇಳಿದ್ದು ಒಂದೇ ಪದ: "ಬ್ಯಾಟರಿ."

ಬೆಳಗಿನ ಡೀಸೆಲ್ ಬೋಟಿನಲ್ಲಿ ಕಿರುಚಿ ಮಾತಾಡಿದ್ದ ನಮಗೆ ಇಲ್ಲಿ ಪಿಸುಮಾತೂ ಕೇಳಿಸುತ್ತಿತ್ತು. ಆಗಲೇ ನಮ್ಮ ಕುಂದಾಪುರದ ಗೆಳೆಯ ಹೇಳಿದ್ದು: "ನಮ್ಮ ಕುದ್ರಿಗೆ ಇಂಥಾದ್ದ್ ಒಂದ್ ಬೋಟ್ ಇದ್ದಿರೆ ಸಾಕಿತ್ತ್ ಮರಾಯಾ."

ಅವನ ಅಜ್ಜಿಮನೆ ಹೊಳೆ ನಡುವಿನ ಒಂದು ಕುದ್ರುವಿನಲ್ಲಿದೆ. ಅಲ್ಲಿಗೆ ಇರೋದು ಒಂದು ಕೈದೋಣಿ. ಆಷಾಢದ ನೆರೆಯಲ್ಲಿ ಅದೂ ಇಲ್ಲ, ಆಗ ಮಕ್ಕಳಿಗೆ ಶಾಲೆಯೂ ಇಲ್ಲ. ಅಜ್ಜಿ ಎದೆನೋವು ಅಂದ ರಾತ್ರಿ ದೋಣಿಯವರನ್ನು ಎಬ್ಬಿಸಿ, ಟಾರ್ಚ್ ಹಿಡಿದು ದಾಟಿಸಿದ್ದರಂತೆ. ಅಜ್ಜಿ ಉಳಿದರು. "ಅವತ್ತು ನೆರೆ ಇರ್ಲಿಲ್ಲ, ಅಷ್ಟೇ" ಅಂದ.

ನಮಗೆ ಚುಚ್ಚಿದ್ದು ಇದು. ನಾವು ಬೆಳಗ್ಗೆ ಸಾಗಿದ ಆಲಪ್ಪುಳ–ಕೊಟ್ಟಾಯಂ ಕಾಲುವೆ 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ ಪಟ್ಟಿಯಲ್ಲಿದೆ. ಅದೇ ಪಟ್ಟಿಯ 111 ಜಲಮಾರ್ಗಗಳಲ್ಲಿ ಕುಂದಾಪುರದ ಪಂಚಗಂಗಾವಳಿಯೂ ಇದೆ. ನೇತ್ರಾವತಿ, ಗುರುಪುರ, ಶರಾವತಿ, ಕಾಳಿಯೂ ಇವೆ. ಹೆಸರು ಹತ್ತಿದ ಮಾತ್ರಕ್ಕೆ ದೋಣಿ ಓಡೋದಿಲ್ಲ. ಕೊಟ್ಟಾಯಂ ಬೋಟ್ ಓಡುತ್ತಿರೋದು ಕಾನೂನಿನಿಂದಲೂ ಅಲ್ಲ, ಚಂದದ ನೋಟದಿಂದಲೂ ಅಲ್ಲ. ಅದಕ್ಕೊಂದು ಇಲಾಖೆ ಇದೆ, ಸಿಬ್ಬಂದಿ ಇದ್ದಾರೆ, ಜೆಟ್ಟಿ ಇದೆ, ಹತ್ತು ಜನ ಬಂದರೂ ಹೊತ್ತಿಗೆ ಸರಿಯಾಗಿ ಹೊರಡೋ ಟೈಮ್‌ಟೇಬಲ್ ಇದೆ.

"ಸೇತುವೆ ಕಟ್ಟಿದ್ರೆ ಮುಗೀತಲ್ಲ?" ಅಂತ ಸಿವಿಲ್ ಗೆಳೆಯರು ಕೇಳ್ತಾರೆ, ಗೊತ್ತು. ಕಟ್ಟಲಿ, ನಮ್ಮದೇನೂ ತಕರಾರಿಲ್ಲ. ಆದರೆ ಇಪ್ಪತ್ತು ಮನೆಯ ಕುದ್ರಿಗೆ ಸೇತುವೆಯ ಸರದಿ ಬರೋದು ಯಾವಾಗ? ಅಲ್ಲಿಯವರೆಗೆ ಅಜ್ಜಿಯಂದಿರು ಏನು ಮಾಡಬೇಕು? ಹಾಗಂತ ಕೇರಳದ ಬೋಟನ್ನು ತಂದು ಇಲ್ಲಿ ಇಳಿಸಿದರೆ ಆಗೋದಿಲ್ಲ. ಅಲ್ಲಿ ನಿಂತ ನೀರು. ನಮ್ಮ ಹೊಳೆಗಳು ಘಟ್ಟದಿಂದ ನೇರ ಧುಮುಕಿ ಬರುವಂಥವು. ಅಳಿವೆಯಲ್ಲಿ ಮರಳದಿಣ್ಣೆ, ದಿನಕ್ಕೆರಡು ಸಲ ಉಬ್ಬರವಿಳಿತ, ಮಳೆಗಾಲದಲ್ಲಿ ಸೆಳವು. ಕಡಿಮೆ ಆಳದಲ್ಲಿ ತೇಲುವ ಒಡಲು, ನೀರಿನ ಜೊತೆ ಏರಿಳಿಯುವ ಜೆಟ್ಟಿ, ಸೆಳವಿಗೆ ಎದುರು ಹೋಗುವಷ್ಟು ಮೋಟಾರು, ಇಂಥ ದಿನ ಓಡಿಸಬಾರದು ಅಂತ ಹೇಳುವ ಲೆಕ್ಕ, ಎಲ್ಲವನ್ನೂ ಹೊಸದಾಗಿ ಮಾಡಬೇಕು. ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಸೈನ್ಸ್, ನಾಲ್ವರಿಗೂ ಕೈತುಂಬ ಕೆಲಸ.

ಪ್ರತಿ ವರ್ಷ ನಮ್ಮ ಲ್ಯಾಬುಗಳಲ್ಲಿ ಗೆರೆ ಹಿಡಿದು ಓಡೋ ರೋಬೋಗಳು, ಮುಖ ನೋಡಿ ಹಾಜರಿ ಹಾಕೋ ಯಂತ್ರಗಳು ಹುಟ್ಟಿ, ವೈವಾ ಮುಗಿದ ಸಂಜೆಯೇ ಕಪಾಟು ಸೇರುತ್ತವೆ. ಈ ಸಲ ನಾವು ಆರು ಜನ ಬೇರೆ ವಿಷಯ ಕೊಟ್ಟಿದ್ದೇವೆ. ಬೋಟ್ ಕಟ್ಟುವಷ್ಟು ದುಡ್ಡು, ಬುದ್ಧಿ ಎರಡೂ ಸದ್ಯಕ್ಕಿಲ್ಲ. ಮೊದಲು ಒಂದು ಕುದ್ರಿನ ಸುತ್ತ ನೀರಿನ ಆಳ, ಸೆಳವು ಅಳೆದು, ಯಾರು ಯಾವ ಹೊತ್ತಿಗೆ ಎಲ್ಲಿಗೆ ದಾಟುತ್ತಾರೆ ಅಂತ ಬರೆದುಕೊಳ್ಳೋದು. ಗೈಡ್ ಇನ್ನೂ ಒಪ್ಪಿಲ್ಲ, "ಇದ್ರಲ್ಲಿ ನಾವೆಲ್ಟಿ ಏನಿದೆ?" ಅಂದಿದ್ದಾರೆ. ಉತ್ತರ ಹುಡುಕ್ತಾ ಇದ್ದೀವಿ. ಈಜು ಬರುವವರು, ಮುಖ್ಯವಾಗಿ ಕರಾವಳಿ ಕಡೆಯವರು, ಜೊತೆ ಸೇರಬಹುದು. ಡಿಸೆಂಬರ್ ರಜೆಗೆ ಹೊರಡುತ್ತೇವೆ. ಊಟ ಅಜ್ಜಿಮನೆಯಲ್ಲಿ.