ಮೂರಕ್ಷರದ ಮಾತಿಗೆ ಬೈಬ್ಯಾಡ್ರಿ

ಈಗಿನ ಹುಡುಗ್ರು ಭಾಷಾನ ಹಾಳ ಮಾಡ್ಯಾರ ಅಂತ ನಮ್ಮ ಓಣಿಯೊಳಗ ಎಲ್ಲಾರದೂ ಒಂದ ರಾಗ. ‘ಬಿಆರ್‌ಬಿ’ ಅಂದ್ರ ಈಗ ಬಂದೆ ಅಂತ, ‘ಟಿಟಿವೈಎಲ್’ ಅಂದ್ರ ಆಮ್ಯಾಲೆ ಮಾತಾಡೋಣು ಅಂತ, ‘ಐಡಿಕೆ’ ಅಂದ್ರ ನಂಗೊತ್ತಿಲ್ಲ ಅಂತ. ಇದೇನ ಮಾತೋ, ಬಸ್ಸಿನ ನಂಬರೋ ಅಂತ ಕಾಕುಗೋಳು ಸಿಟ್ಟ ಮಾಡ್ತಾರ.

ಸಿಟ್ಟ ಮಾಡೋಕಿಂತ ಮೊದಲ ಟ್ರಂಕಿನ್ಯಾಗಿನ ಹಳೇ ಪತ್ರಾ, ಲಗ್ನಪತ್ರಿಕಿ ತಗದ ನೋಡ್ರೆಲಾ. ‘ತೀ. ರೂ.’ ಅಂದ್ರ ತೀರ್ಥರೂಪ. ‘ಚಿ. ಸೌ.’ ಅಂದ್ರ ಚಿರಂಜೀವಿ ಸೌಭಾಗ್ಯವತಿ. ಬರದ ಮುಗಿಸಿದ ಮ್ಯಾಲೆ ಏನರೆ ನೆನಪಾದ್ರ ‘ತಾ. ಕ.’, ಅಂದ್ರ ತಾಜಾ ಕಲಮು. ಮದುಮಗಳ ಹೆಸರಿನ ಹಿಂದ ‘ಚಿ. ಕುಂ. ಸೌ.’ ಇವತ್ತಿಗೂ ಅಚ್ಚ ಹಾಕಸ್ತೀವಿ. ಕಾರ್ಡಿನ್ಯಾಗ ಜಾಗಾ ಕಡಿಮಿ, ಹಿಂಗಾಗಿ ನಮ್ಮ ಹಿರ್‍ಯಾರು ಗಿಡ್ಡ ಮಾಡಿದ್ರು. ಮೊಬೈಲಿನ್ಯಾಗೂ ಹಂಗ. ಒಂದ ಎಸ್ಸೆಮ್ಮೆಸ್ಸಿಗೆ ಇಂಗ್ಲಿಷಿನ್ಯಾಗ 160 ಅಕ್ಷರ, ಕನ್ನಡದಾಗ ಬರದ್ರ ಬರೇ 70, ಅದರಾಗ ಕೊಂಬು, ದೀರ್ಘ ಎಲ್ಲಾ ಬ್ಯಾರೆ ಎಣಿಕಿ. ಇನ್ನ ‘ಓಎಂಜಿ’ ಅನ್ನೋದಂತೂ ನಮ್ಮ ಹುಡುಗ್ಯಾರು ಹುಟ್ಟಿಸಿದ್ದಲ್ಲ. 1917ರಾಗ ಇಂಗ್ಲೆಂಡಿನ ಅಡ್ಮಿರಲ್ ಫಿಶರ್ ಅನ್ನೋ ಮುದುಕ ಚರ್ಚಿಲ್‌ಗೆ ಬರದ ಪತ್ರದಾಗ ಅದ ಐತಿ.

ಬೈಯೋದ ಬಿಟ್ಟು ಕಲಿಯೋಣು ಅನ್ನೋರೂ ಇದ್ದಾರ, ಆದ್ರ ಅವರೊಳಗ ಕೆಲವರಿಗೆ ಮಗಳ ಫೋನ್ ಕದ್ದ ಓದಬೇಕಾಗೇದ. ಅದೂ ಉಪಯೋಗಿಲ್ರಿ. ‘ಪಿಓಎಸ್’ ಅಂತ ಒಂದದ, ಅಂದ್ರ ‘ಹಿಂದ ಅವ್ವನೋ ಅಪ್ಪನೋ ನಿಂತಾರ’ ಅಂತ! ನಾವು ಒಂದ ಕಲಿಯೂದರಾಗ ಅವು ನಾಕ ಹೊಸಾವು ಮಾಡ್ಕೋತಾವ.

ಮತ್ತ ಅರ್ಥದ ಪಟ್ಟಿ ಬಾಯಿಪಾಠ ಮಾಡಿದ್ರೂ ಎಲ್ಲಾ ತಿಳಿಯಂಗಿಲ್ಲ. ‘ಎಎಸ್‌ಎಲ್’ ಅನ್ನೋದನ್ನ ನೋಡ್ರಿ. ಕ್ಲಾಸಿನ ಗೆಳತಿ ‘ಟೈರ್ಡ್ ಎಎಸ್‌ಎಲ್’ ಅಂತ ಬರದ್ರ ‘ಸುಸ್ತಾಗಿ ಸತ್ತೆ’ ಅಂದಂಗ, ಅಷ್ಟ. ಅದ ಮೂರ ಅಕ್ಷರಾ ಗುರ್ತಾ ಪರಿಚಯ ಇಲ್ಲದಾಂವ ಕಳಿಸಿದ್ರ, ‘ನಿನ್ನ ವಯಸ್ಸೆಷ್ಟು, ಗಂಡೋ ಹೆಣ್ಣೋ, ಎಲ್ಲಿರ್ತಿ’ ಅಂತ ಕೇಳಿದಂಗ. ಹದಿಮೂರ ವರ್ಷದ ಹುಡುಗಿಗೆ ಇದನ್ನ ಹೊರಗಿನಾಂವ ಯಾಕ ಕೇಳಬೇಕು? ಯಾರು ಕಳಿಸಿದ್ರು, ಯಾವ ಮಾತಿಗೆ ಕಳಿಸಿದ್ರು ಅನ್ನೋದು ಯಾವ ಪಟ್ಟಿಯೊಳಗೂ ಇರಂಗಿಲ್ಲ. ಮಗಳ ಬಾಯಿಲೇನ ಬರಬೇಕು.

ಆಕಿ ಬಾಯಿ ಬಿಡಬೇಕಂದ್ರ ನಾವು ಮೊದಲಿನಿಂದ ಕೇಳೋ ರೀತಿ ಚಲೋ ಇರಬೇಕು. ‘ಇದೇನ ಹಲ್ಕಟ್ ಭಾಷಾ’ ಅಂದ್ರ ಫೋನ್ ಮಕ್ಕಡಿ ಹಾಕ್ತಾಳ. ‘ಇದು ನಂಗ ತಿಳೀವಲ್ದು, ಹೇಳಬೇ ತಂಗಿ’ ಅಂದ್ರ ನಕ್ಕೋತ ಹೇಳ್ತಾಳ. ನಾವೂ ಆಕಿಗೆ ‘ಚಿ. ಕುಂ. ಸೌ.’ ಬಿಡಿಸಿ ಹೇಳೋಣು, ಲೆಕ್ಕ ಸಮಾ ಆಗ್ತದ. ಹೊರಗಿನಾಂವ ‘ಎಎಸ್‌ಎಲ್’ ಅಂದ ದಿವಸ ಆಕಿ ಓಡಿ ಬಂದ ಅವ್ವಗ ಫೋನ್ ತೋರಸಬೇಕು. ಅದಕ್ಕ, ಇವತ್ತ ‘ಬಿಆರ್‌ಬಿ’ಗೆ ಬೈಬ್ಯಾಡ್ರಿ.